ಆರ್ಗನ್ ಮಾಸ್ತರಿಗೆ ರೇಡಿಯೊ ಕರೆ

ಫೋನು ಬಂದಾಗ ಆರ್ಗನ್ ಮಾಸ್ತರ ಬಾಯಿ ತುಂಬ ಪೇಸ್ಟಿನ ನೊರೆ ಇತ್ತು. ಉಗಿದು ಬಂದು ಮಾತಾಡಿದ್ದರೆ ಅವರಿಗೆ ಎಲ್ಲ ಸರಿಯಾಗಿ ಕೇಳಿಸುತ್ತಿತ್ತೋ ಏನೋ. ಆದರೆ ರೇಡಿಯೊ ಕೇಂದ್ರ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನೊರೆಯನ್ನು ನುಂಗಿಬಿಟ್ಟರು. ಅದರ ಜೊತೆಗೆ ಕಾರ್ಯಕ್ರಮದ ಅರ್ಧ ಹೆಸರನ್ನೂ ನುಂಗಿದರು.

"ಇವತ್ತು ಸಂಜೆ 'ಮರೆತುಹೋದ ಕಲಾವಿದರು' ಕಾರ್ಯಕ್ರಮ ಇದೆ ಸರ್, ನೇರಪ್ರಸಾರ. ಬರಬೇಕಿದ್ದವರಿಗೆ ಜ್ವರ. ನಿಮ್ಮ ಜೀವನ, ಸಾಧನೆ ಬಗ್ಗೆ ಒಂದು ಗಂಟೆ ಮಾತಾಡಿ, ನಡುವೆ ಸ್ವಲ್ಪ ನುಡಿಸಬಹುದಾ? ಆರ್ಗನ್ ಮಾತ್ರ ನೀವೇ ತರಬೇಕು," ಎಂದಳು ಅಲ್ಲಿಯ ಹೆಣ್ಣುಮಗಳು.

ಮಾಸ್ತರು ಬದನೆಕಾಯಿಯ ತೊಟ್ಟು ಮುರಿದೆಸೆದ ಹಾಗೆ ಹೆಸರಿನ ಮೊದಲರ್ಧವನ್ನು ಎಸೆದು, ಹೆಂಡತಿಯ ಮುಂದೆ ಹೋಗಿ ನಿಂತರು. "ಕಲಾವಿದರು ಅಂತ ಕಾರ್ಯಕ್ರಮ ಕಣೇ. ನಾನೇ ಬೇಕಂತೆ. ಒಂದು ಗಂಟೆ."

ಹೆಂಡತಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. "ಒಂದು ಗಂಟೆ ಹೇಳೋವಷ್ಟು ಏನ್ರೀ ಇದೆ?" ಎಂದಳು.

ಕೇಳಬೇಕಾದ ಪ್ರಶ್ನೆಯೇ. ಮಾಸ್ತರು ಹಾರ್ಮೋನಿಯಮ್ಮಿನ ದೊಡ್ಡಣ್ಣನಂಥ ಆರ್ಗನ್ನಿನಲ್ಲಿ ಜಾಝ್ ಸಂಗೀತ ನುಡಿಸುವವರು. ಬರೆದಿಟ್ಟ ರಾಗವನ್ನು ನಡುದಾರಿಯಲ್ಲಿ ಬಿಟ್ಟು, ಮನಸ್ಸಿಗೆ ತೋಚಿದ ಕಡೆ ಸುತ್ತಾಡಿ, ಮತ್ತೆ ಅದೇ ರಾಗಕ್ಕೆ ಬಂದು ಸೇರುವುದು ಜಾಝ್. ಬಿಡುವುದರಲ್ಲೂ ಸುತ್ತಾಡುವುದರಲ್ಲೂ ಮಾಸ್ತರು ನಿಸ್ಸೀಮರು. ಬಂದು ಸೇರುವುದು ಮಾತ್ರ ಅಪರೂಪ. ದೊಡ್ಡ ಹೋಟೆಲೊಂದರ ಊಟದ ಹಾಲಿನಲ್ಲಿ ಅವರು ವರ್ಷಗಟ್ಟಲೆ ನುಡಿಸಿದರು. ಅವರು ಸೇರಿದ ಮೊದಲ ವಾರವೇ ಆ ಸದ್ದು ಕೇಳಿ ಮ್ಯಾನೇಜರು ಲಿಫ್ಟ್ ರಿಪೇರಿಯವನನ್ನು ಕರೆಸಿದ್ದ. ಅಲ್ಲಿಂದ ಬಿಟ್ಟ ಮೇಲೆ ಚಕ್ರದ ಬೂಟು ಹಾಕಿಕೊಂಡು ಜಾರುವವರ ಮೈದಾನದಲ್ಲಿ ನುಡಿಸಿದರು. ಅಲ್ಲಿ ಜನ ತಾಳಕ್ಕೆ ಸರಿಯಾಗಿ ಕಾಲಿಟ್ಟು ಸರಿಯಾಗಿ ಬಿದ್ದರು. ಕೊನೆಗೆ ಸ್ವಂತ ಖರ್ಚಿನಲ್ಲಿ ಒಂದು ರೆಕಾರ್ಡು ತಂದರು. ಅದರ ಪ್ರತಿಗಳೆಲ್ಲ ಈಗ ಮಂಚದ ಕುಂಟುಕಾಲಿನ ಕೆಳಗಿವೆ. ಇಷ್ಟಾದರೂ, ತಪ್ಪು ತನ್ನ ಕಿವಿಯದಲ್ಲ, ಲೋಕದ ಕಿವಿಯದು ಎಂಬ ನಂಬಿಕೆಯಿಂದ ಅವರು ಒಂದು ದಿನವೂ ಅಲುಗಾಡಿರಲಿಲ್ಲ.

ಸುದ್ದಿ ಕಟ್ಟಡದ ಮೂರೂ ಅಂತಸ್ತಿಗೆ ಹಬ್ಬಲು ಹಾಲು ಉಕ್ಕುವಷ್ಟು ಹೊತ್ತೂ ಬೇಕಾಗಲಿಲ್ಲ. ಮೊದಲು ಬಂದವರು ಎದುರು ಬಾಗಿಲಿನ ಹಲ್ಲಿನ ಡಾಕ್ಟರು. ಆರ್ಗನ್ ಶುರುವಾದರೆ ತನ್ನ ರೋಗಿಗಳು ಇನ್ನೊಂದು ಇಂಜೆಕ್ಷನ್ ಕೇಳುತ್ತಾರೆಂದು ದೂರು ಕೊಟ್ಟಿದ್ದವರು ಇವರೇ. ಈಗ ಮಾಸ್ತರ ಎರಡೂ ಕೈ ಹಿಡಿದು, "ನಾನು ಮೊದಲಿಂದಲೂ ಹೇಳ್ತಾನೇ ಇದ್ದೆ," ಎಂದರು. ಏನು ಹೇಳುತ್ತಿದ್ದರೆಂದು ಇಬ್ಬರೂ ಬಾಯಿ ಬಿಡಲಿಲ್ಲ.

ಹಿಂದೆಯೇ ಬಾಮೈದ ಬಂದ. ಅವನು ಸೋಪಿನ ಏಜೆಂಟು. ಜಗತ್ತಿನಲ್ಲಿ ಎಲ್ಲವೂ ಮಾರಾಟದ ಮಾತು ಎಂದು ತಿಳಿದವನು.

"ಭಾವ, ಬರೀ ಹೋಗಿ ನುಡಿಸಿದ್ರೆ ಆಗಲ್ಲ. ನಾಲ್ಕು ಜನ ರೇಡಿಯೊಗೆ ಫೋನ್ ಮಾಡಿ ನಿಮ್ಮನ್ನ ಹೊಗಳಬೇಕು. ಆಗ ಅವರಿಗೂ ಭಯ ಭಕ್ತಿ ಬರುತ್ತೆ."

"ಛೇ, ಅದೆಲ್ಲ ಯಾಕೆ," ಎಂದರು ಮಾಸ್ತರು. ಒಂದು ನಿಮಿಷ ಬಿಟ್ಟು, "ಮಾಡೋದಾದ್ರೆ ಮಹಾನ್ ಅನ್ನೋ ಪದ ಇರಲಿ," ಎಂದರು.

ಬಾಮೈದ ಮೂಲೆಯಲ್ಲಿ ಫೋನು ಹಿಡಿದು ಕೂತವನು ಪರಿಚಯದವರು, ಪರಿಚಯದವರ ಪರಿಚಯದವರು ಯಾರನ್ನೂ ಬಿಡಲಿಲ್ಲ. ಹೋಟೆಲಿನ ಹಳೇ ಅಡುಗೆಯವನನ್ನೂ ಜಾರುಮೈದಾನದ ಯಜಮಾನನನ್ನೂ ಹುಡುಕಿ ತೆಗೆದ. "ಅವರನ್ನ ಮರೆಯೋಕಾಗುತ್ತಾ?" ಎಂದು ಇಬ್ಬರೂ ಅಂದರಂತೆ. ಯಾವ ದನಿಯಲ್ಲಿ ಅಂದರೆಂದು ಬಾಮೈದ ಹೇಳಲಿಲ್ಲ.

ಇತ್ತ ಆರ್ಗನ್ ಇಳಿಸುವ ಹೊಣೆಯನ್ನು ಕೆಳಮನೆಯ ನಿವೃತ್ತ ಇಂಜಿನಿಯರು ಹೊತ್ತರು. ಅವರು ಕಟ್ಟಿಸಿದ ಸೇತುವೆಯೊಂದು ನದಿಯಿಲ್ಲದ ಜಾಗದಲ್ಲಿ ಇವತ್ತಿಗೂ ಗಟ್ಟಿಯಾಗಿ ನಿಂತಿದೆ. ಅವರು ಟೇಪು ಹಿಡಿದು ಆರ್ಗನ್ನನ್ನೂ ಮೆಟ್ಟಿಲನ್ನೂ ಅಳೆದು, "ಆರಾಮಾಗಿ ಹೋಗುತ್ತೆ. ನನ್ನ ಮಾತು ನಂಬಿ," ಎಂದರು.

ನಂಬಿದರು. ಗಬ್ಬದ ಎಮ್ಮೆಯಂಥ ಆರ್ಗನ್ ನಾಲ್ಕು ಹೆಗಲ ಮೇಲೆ ಮೂರನೇ ಅಂತಸ್ತಿನಿಂದ ಹೊರಟು, ಮೊದಲ ತಿರುವಿನವರೆಗೆ ಗಂಭೀರವಾಗಿ ಬಂತು. ಅಲ್ಲಿ ಗೋಡೆಗೂ ಮೆಟ್ಟಿಲ ಕಟಕಟೆಗೂ ನಡುವೆ ಗಂಟಲಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

ಮೇಲ್ಗಡೆ ಮಾಸ್ತರು, ಹೆಂಡತಿ, ಹಲ್ಲಿನ ಡಾಕ್ಟರು. ಕೆಳಗಡೆ ಇಂಜಿನಿಯರು, ಬಾಮೈದ, ಮತ್ತು ಹಲ್ಲು ಕೀಳಿಸಿಕೊಳ್ಳಲು ಬಂದು ದಾರಿ ಕಾಣದೆ ನಿಂತ, ಕೆನ್ನೆ ಊದಿದ ಒಬ್ಬ ದಪ್ಪ ಮನುಷ್ಯ.

"ನಾನು ಅಳೆದದ್ದು ಸರಿಯಾಗೇ ಇದೆ. ಮೆಟ್ಟಿಲು ಕಟ್ಟಿದವನು ತಪ್ಪು ಮಾಡಿದ್ದಾನೆ," ಎಂದರು ಇಂಜಿನಿಯರು.

"ಎಡಕ್ಕೆ ತಿರುಗಿಸಿ ಭಾವ."

"ಯಾರ ಎಡಕ್ಕೋ? ನಿನ್ನ ಎಡ ನನಗೆ ಬಲ."

"ಹಾಗೇ ಬಾಯಿ ತೆಗೆದುಕೊಂಡಿರಿ," ಎಂದು ಡಾಕ್ಟರು ಆರ್ಗನ್ನಿನ ಮೇಲಿಂದ ಬಗ್ಗಿ ದಪ್ಪ ಮನುಷ್ಯನ ಹಲ್ಲು ನೋಡತೊಡಗಿದರು.

ಹೀಗೆ ಮಧ್ಯಾಹ್ನ ಜಾರಿತು. ಸೋಪಿನ ನೀರು ಹಾಕಿ ನೂಕಿದರು. ಆರ್ಗನ್ ಜರುಗಲಿಲ್ಲ, ಇಂಜಿನಿಯರು ಜಾರಿ ಒಂದು ಅಂತಸ್ತು ಇಳಿದು ಹೋದರು. ಅವರು ಕುಂಟುತ್ತ ಹತ್ತಿ ಬರುವಷ್ಟರಲ್ಲಿ ಮಾಸ್ತರ ಫೋನು ಬಡಿದುಕೊಂಡಿತು. ರೇಡಿಯೊದ ಹೆಣ್ಣುಮಗಳು.

"ಸರ್, ಬೆಳಗ್ಗೆಯಿಂದ ನಮ್ಮಲ್ಲಿ ಫೋನ್ ಕೆಳಗಿಡೋಕೇ ಆಗಿಲ್ಲ. ಎಲ್ಲರಿಗೂ ನಿಮ್ಮ ನೆನಪಿದೆ."

ಮಾಸ್ತರು ಎಲ್ಲರಿಗೂ ಸುಮ್ಮನಿರಿ ಎಂದು ಕೈಸನ್ನೆ ಮಾಡಿ, ಎದೆ ಉಬ್ಬಿಸಿದರು. "ಜನರ ಪ್ರೀತಿ ಕಣಮ್ಮ. ನಂದೇನೂ ಇಲ್ಲ."

"ಅಲ್ಲೇ ಎಡವಟ್ಟಾಗಿರೋದು ಸರ್. ನಮ್ಮದು ಮರೆತುಹೋದವರ ಕಾರ್ಯಕ್ರಮ. ಇಷ್ಟು ಜನಪ್ರಿಯರನ್ನ ಹೇಗೆ ಕರೆದ್ರಿ ಅಂತ ನಮ್ಮ ಮೇಲಿನವರು ಬೈದ್ರು. ನಿಮ್ಮನ್ನ ಕೈಬಿಡಬೇಕಾಗಿದೆ."

ಬೆಳಗ್ಗೆ ಎಸೆದ ಬದನೆ ತೊಟ್ಟಿನ ಮುಳ್ಳು ಈಗ ಚುಚ್ಚಿತು. ಮಾಸ್ತರು ಮೆಟ್ಟಿಲ ಮೇಲೆ ಕುಸಿದು ಕೂತರು. "ಇಲ್ಲಮ್ಮ, ಅದೆಲ್ಲ ಸುಳ್ಳು. ನನ್ನನ್ನ ಎಲ್ಲರೂ ಮರೆತಿದ್ದಾರೆ. ಬೇಕಾದ್ರೆ ಪಕ್ಕದ ಮನೆಯವರನ್ನೇ ಕೇಳಿ," ಎಂದು ಡಾಕ್ಟರ ಕೈಗೆ ಫೋನು ತುರುಕಿ, ಮರೆತಿದ್ದೇನೆ ಅನ್ನಿ ಎಂದು ಕಣ್ಣಲ್ಲೇ ಬೇಡಿಕೊಂಡರು.

ಡಾಕ್ಟರಿಗೆ ಕಣ್ಣಿನ ಭಾಷೆ ಬರುತ್ತಿರಲಿಲ್ಲ, ಹಲ್ಲಿನದು ಮಾತ್ರ ಬರುತ್ತಿತ್ತು. "ನಾನೇ ಸಾಕ್ಷಿ ತಾಯಿ. ಇವರ ಸಂಗೀತ ಒಂದು ಸಲ ಕೇಳಿದವನು ಸಾಯೋವರೆಗೂ ಮರೆಯಲ್ಲ," ಎಂದು ಫೋನು ವಾಪಸು ಕೊಟ್ಟರು.

"ಕೇಳಿಸ್ಕೊಂಡ್ರಾ ಸರ್? ಹೋಗಲಿ, ಒಂದು ಸಹಾಯ ಮಾಡಿ. ಹೋಟೆಲಲ್ಲಿ ನಿಮ್ಮ ಹಿಂದೆ ಡ್ರಮ್ ಬಾರಿಸ್ತಿದ್ದವರು ಒಬ್ಬರಿದ್ರಂತೆ. ಇಲ್ಲೇ ಹತ್ತಿರದಲ್ಲಿದ್ದಾರಂತೆ. ಅವರ ಬಗ್ಗೆ ಏನಾದ್ರೂ ನೆನಪಿದ್ಯಾ?"

ನೆನಪಿಲ್ಲದೆ ಏನು. ಮಾಸ್ತರು ರಾಗ ಬಿಟ್ಟು ದಿಕ್ಕು ತಪ್ಪಿದಾಗಲೆಲ್ಲ ಆ ಮನುಷ್ಯ ತಾಳ ಬಡಿದು ಸದ್ದಿನಲ್ಲಿ ಮಾನ ಮುಚ್ಚುತ್ತಿದ್ದ. ಆದರೆ ತನಗಿಲ್ಲದ ಊಟದ ಎಲೆ ಇನ್ನೊಬ್ಬನಿಗೇಕೆ?

"ಡ್ರಮ್ಮಾ? ಅಂಥವರು ಯಾರೂ ಇದ್ದ ಹಾಗೇ ನೆನಪಿಲ್ಲಮ್ಮ," ಎಂದರು ಖಂಡಿತವಾಗಿ.

"ನಿಮಗೂ ಇಲ್ವಾ? ಹಾಗಾದ್ರೆ ಅನುಮಾನವೇ ಬೇಡ. ಅವರೇ ನಮಗೆ ಸರಿಯಾದವರು. ತುಂಬ ಉಪಕಾರ ಸರ್."

ಸಂಜೆ ಬಾಮೈದ ಆರ್ಗನ್ನಿನ ಮೇಲೆ ರೇಡಿಯೊ ತಂದಿಟ್ಟ. ಇಳಿಯಲೂ ಏರಲೂ ಆಗದವರು ಎರಡೂ ಕಡೆಯ ಮೆಟ್ಟಿಲ ಮೇಲೆ ಕೂತು ಕೇಳಿದರು. ಡ್ರಮ್ಮಿನವನು ಚೆನ್ನಾಗಿ ಮಾತಾಡಿದ. ಹೆಂಡತಿ ಎರಡು ಸಲ ನಕ್ಕಳು. ಕೊನೆಗೆ ಅವನು, "ನನ್ನ ಮುಂದೆ ಒಬ್ಬರು ಆರ್ಗನ್ ನುಡಿಸ್ತಿದ್ರು. ಅವರನ್ನ ಈ ದಿನ ನೆನೀಲೇಬೇಕು. ಅವರ ಹೆಸರು... ನಾಲಿಗೆ ತುದೀಲೇ ಇದೆ, ಬರ್ತಿಲ್ಲ," ಎಂದ.

ಮಾಸ್ತರು ತಟ್ಟನೆ ಎದ್ದು ನಿಂತರು. ಮೆಟ್ಟಿಲ ಮೇಲಿದ್ದವರೆಲ್ಲ ರೇಡಿಯೊ ಕಡೆ ಬಗ್ಗಿದರು.

"ಪರವಾಗಿಲ್ಲ, ಬಿಡಿ," ಎಂದಳು ರೇಡಿಯೊದ ಹೆಣ್ಣುಮಗಳು. "ಅವರ ಹೆಸರು ಎಲ್ಲರಿಗೂ ಗೊತ್ತಿರೋದೇ."