ಎರಡು ಪಾಳಿಯಲ್ಲಿ ಹೆರೆದ ಹೆಡ್ಡು: ಪೀಣ್ಯದ ಮಿಲ್ಲಿಂಗ್ ಮಿಷನ್ನಿಗೊಂದು ಬಹಿರಂಗ ಪತ್ರ

ಮಾನ್ಯ ಮಿಲ್ಲಿಂಗ್ ಮಿಷನ್ನಿನವರೇ,

ಪೀಣ್ಯದ ನಂದೀಶ್ ಅವರ ವರ್ಕ್‌ಶಾಪಿನಲ್ಲಿ ಹಗಲಿರುಳೆನ್ನದೆ ಲೋಹ ಹೆರೆಯುತ್ತ ದುಡಿಯುವ ತಮಗೆ, ರಾಜಗೋಪಾಲನಗರದ ಬಾಡಿಗೆ ಕೋಣೆಯಿಂದ ರೇವಣಸಿದ್ದನ ಸಾಷ್ಟಾಂಗ ನಮಸ್ಕಾರಗಳು. ಮಾಲೀಕರನ್ನು ಬಿಟ್ಟು ತಮಗೇ ಬರೆಯುತ್ತಿರುವುದೇಕೆಂದರೆ, ನನ್ನ ಬೈಕಿನ ಹೆಡ್ಡು ಹೀಗೇಕಾಯಿತೆಂದು ಕೇಳಲು ಹೋದಾಗ ನಂದೀಶ್ ಅವರು "ನಮ್ದೇನಿಲ್ಲ ಅಣ್ಣ, ಎಲ್ಲಾ ಮಿಷನ್ ಮಾಡಿದ್ದು" ಎಂದು ತಮ್ಮ ಕಡೆಗೇ ಕೈ ತೋರಿಸಿದರು.

ನನ್ನದು ಕಾರ್ಖಾನೆಯೊಂದರಲ್ಲಿ ಎರಡನೇ ಪಾಳಿ, ಹೆಂಡತಿ ಭಾಗ್ಯಶ್ರೀಯದು ಗಾರ್ಮೆಂಟ್ಸಿನಲ್ಲಿ ಹಗಲು ಕೆಲಸ. ನಾನು ಮನೆ ಸೇರುವಷ್ಟರಲ್ಲಿ ಆಕೆ ಮಲಗಿರುತ್ತಾಳೆ. ಬೆಳಿಗ್ಗೆ ಬೈಕಿನಲ್ಲಿ ಆಕೆಯನ್ನು ಗೇಟಿನವರೆಗೆ ಬಿಡುವಾಗಲಷ್ಟೇ ನಮ್ಮ ಸಂಸಾರದ ಮಾತುಕತೆ. ಅದರಲ್ಲೂ ದಿಬ್ಬ ಬಂತೆಂದರೆ ಮುದಿ ಬೈಕು ಏದುಸಿರು ಬಿಟ್ಟು, ಆಕೆ ಇಳಿದು ನಡೆಯಬೇಕಾಗಿ, ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಎಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ಡಿನ ತಳವನ್ನು ಕೂದಲೆಳೆಯಷ್ಟು ಹೆರೆಸಿದರೆ ಒಳಗಿನ ಒತ್ತಡ, ಅಂದರೆ ಕಂಪ್ರೆಷನ್, ಏರಿ ಎಳೆತ ಹೆಚ್ಚುತ್ತದೆಂದು ಕೇಳಿ, ಅದನ್ನು ಬಿಚ್ಚಿ ತಂದು ತಮ್ಮ ಪಾದದಲ್ಲಿಟ್ಟೆ.

ತಮ್ಮ ಔದಾರ್ಯವನ್ನು ಏನೆಂದು ಹೊಗಳಲಿ! ಹಗಲು ಪಾಳಿಯವರು ಹೆರೆದು, ಹೆರೆಯಬೇಕೆಂದು ಮೇಲೆ ಹಾಕಿದ್ದ ಚಾಕ್‌ಪೀಸಿನ ಗುರುತನ್ನು ಅಳಿಸದೆ ಮನೆಗೆ ಹೋದರು. ಮುಂದಿನ ಪಾಳಿಯವರು ಗುರುತು ನೋಡಿ, ಬಾಕಿ ಉಳಿದ ಕೆಲಸವೆಂದು ಶ್ರದ್ಧೆಯಿಂದ ಮತ್ತೊಮ್ಮೆ ಹೆರೆದರು. ತಾವಾದರೂ ಒಂದು ಸಲ ಗುರ್ ಎನ್ನಬಾರದಿತ್ತೇ? ಈಗ ಬೈಕಿಗೆ ಆನೆಬಲ ಬಂದಿರುವುದು ನಿಜ, ಆದರೆ ಅದೆಲ್ಲ ಕಿಕ್ಕರಿನಲ್ಲೇ ಖರ್ಚಾಗುತ್ತಿದೆ. ನಾನು ಒದ್ದರೆ ಅದು ತಿರುಗಿ ಒದೆಯುತ್ತದೆ. ಮನೆಯೊಡತಿ ಪಿಳ್ಳಮ್ಮನವರು ಬಾಗಿಲಲ್ಲಿ ನಿಂತು "ಕಾಲ್ ಮುರ್ಕೊಂಡೀಯ, ಉಸಾರು ಕಣಪ್ಪ" ಎನ್ನುತ್ತಾರೆ. ಭಾಗ್ಯಶ್ರೀಯೋ, "ನೀವು ಗಾಡಿ ಚಾಲೂ ಮಾಡಿಕೋತ ಇರ್ರಿ, ನಾ ಡ್ಯೂಟಿ ಮುಗಿಸಿಕೊಂಡು ಬರ್ತೀನಿ" ಎಂದು ಬಸ್ಸು ಹತ್ತಿಬಿಟ್ಟಳು. ಇದ್ದ ಅರ್ಧ ಮಾತೂ ಹೋಯಿತು.

ಆದಕಾರಣ, ತಮ್ಮ ಬುಡದಲ್ಲಿ ಬಿದ್ದಿದ್ದ ಹೆರೆದ ಪುಡಿಯನ್ನೆಲ್ಲ ಗುಡಿಸಿ ಕವರಿನಲ್ಲಿ ಕಟ್ಟಿ ಕಳಿಸಿದ್ದೇನೆ. ಅದರಲ್ಲಿ ಎರಡನೇ ಸಲ ಹೆರೆದ ಪಾಲನ್ನು ಮಾತ್ರ ಆರಿಸಿಕೊಂಡು, ತಾವು ಒಮ್ಮೆ ಹಿಂದುಮುಂದಾಗಿ ತಿರುಗಿ, ಇದ್ದ ಜಾಗಕ್ಕೇ ಅಂಟಿಸಿಕೊಡಬೇಕಾಗಿ ಕೈಮುಗಿದು ಬೇಡುವ,

ತಮ್ಮ ವಿಶ್ವಾಸಿ,
ರೇವಣಸಿದ್ದ

ತಾ.ಕ.: ನಿನ್ನೆಯಿಂದ ನಾನೂ ಆಕೆಯ ಜೊತೆ ಅದೇ ಬಸ್ಸು ಹತ್ತುತ್ತಿದ್ದೇನೆ. ಹಾಳಾದ್ದು ದಿಬ್ಬದಲ್ಲಿ ತೆವಳುತ್ತದೆ, ಸಿಗ್ನಲ್ಲಿನಲ್ಲಿ ನಿದ್ದೆ ಹೋಗುತ್ತದೆ, ಗೇಟು ಬರುವವರೆಗೂ ಭಾಗ್ಯಶ್ರೀ ಮಾತು ನಿಲ್ಲಿಸುವುದಿಲ್ಲ. ಆ ಬಸ್ಸಿನ ಹೆಡ್ಡನ್ನು ಯಾರಾದರೂ ತಮ್ಮ ಬಳಿ ತಂದರೆ, ದಯವಿಟ್ಟು ಮುಟ್ಟಬೇಡಿ.