ಗುಂಡಿಯ ದವಡೆ ಮತ್ತು ತಮ್ಮ ನಾಲ್ಕು ಆಯ್ಕೆಗಳು

ಪ್ರಾಣಿಗಳ ಆಸ್ಪತ್ರೆಯ ಮುಖ್ಯಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಬಟ್ಟೆ ಹೊಲಿಯುತ್ತಿರುವ, ತಮ್ಮ ಬಿಳಿ ಕೋಟುಗಳಿಗೂ ಕಾಲರ್ ಕೂರಿಸಿಕೊಟ್ಟಿರುವ ಟೈಲರಮ್ಮನ ಅನಂತ ನಮಸ್ಕಾರಗಳು. ಎದ್ದು ನಿಂತು ಸ್ವೀಕರಿಸುವ ತೊಂದರೆ ಬೇಡ. ಆ ಅಭ್ಯಾಸ ತಮಗಿಲ್ಲವೆಂದು ಬಲ್ಲೆ.

ಕಪ್ಪು ಗುಂಡಿಯಂಥ ಮೂಗಿರುವುದರಿಂದ ಗುಂಡಿ ಎಂದೇ ಕರೆಯುವ ನನ್ನ ಮೂರು ತಿಂಗಳ ನಾಯಿಮರಿ, ಬಟ್ಟೆ ಕತ್ತರಿಸುವ ಮೇಜಿನಿಂದ ಬಿದ್ದು ಕೆಳದವಡೆ ಮುರಿದುಕೊಂಡಿತು. ಅಲ್ಲಿ ಕೂರಿಸಿದವಳು ನಾನೇ. ಎದ್ದೆನೋ ಬಿದ್ದೆನೋ ಎಂದು ಓಡಿ ಬಂದವಳಿಗೆ ತಾವು ಒಂದು ಎಕ್ಸ್‌ರೇ ತೆಗೆಸಿ, ನುಣುಪು ಕಾಗದದ ‘ಚಿಕಿತ್ಸಾ ಆಯ್ಕೆ ಪತ್ರ’ವನ್ನು ದಯಪಾಲಿಸಿದಿರಿ. ಮೂತಿಗೆ ಪಟ್ಟಿ ಕಟ್ಟಬಹುದು, ತಂತಿ ಬಿಗಿಯಬಹುದು, ಪ್ಲೇಟು ಇಟ್ಟು ಸ್ಕ್ರೂ ತಿರುಗಿಸಬಹುದು, ಇಲ್ಲವೇ ನಳಿಕೆಯಲ್ಲಿ ಆಹಾರ ಇಳಿಸುತ್ತಾ ಕಾಯಬಹುದು. ಯಾವುದು ಒಳ್ಳೆಯದು ಸ್ವಾಮಿ ಎಂದು ಅಂಗಲಾಚಿದರೆ, ಆಯ್ಕೆ ನಿಮ್ಮದು ಎಂದಿರಿ. ಆಹಾ, ಎಂಥ ಔದಾರ್ಯ! ತಾವು ಕೋಟು ಹೊಲಿಸಲು ಬಂದಾಗ, ತೋಳನ್ನು ಹೆಗಲಿಗೆ ಕೂರಿಸಲೋ ಮೊಣಕಾಲಿಗೋ ಎಂದು ಕೇಳುವ ಸಂಸ್ಕಾರ ನನಗೆ ಇರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ತಾವು ಅತ್ತ ತಿರುಗಿದಾಗ, ಗಾಯ ಕಟ್ಟುವ ಅಣ್ಣನೊಬ್ಬ ಮೆಲ್ಲಗೆ, ಹಾಲುಹಲ್ಲಿನ ಮರಿ, ಮೂಳೆ ಸರಿದಿಲ್ಲ, ಸ್ಕ್ರೂ ಹಾಕಿದರೆ ಒಳಗೆ ಬೆಳೆಯುತ್ತಿರುವ ಹಲ್ಲೂ ಹಾಳು, ನಾಲಿಗೆ ಆಡುವಷ್ಟು ಸಡಿಲವಾಗಿ ಪಟ್ಟಿ ಕಟ್ಟಿದರೆ ಸಾಕಮ್ಮ ಎಂದರು. ತಮ್ಮ ಆಯ್ಕೆ ಪತ್ರದಲ್ಲಿ ಪಟ್ಟಿಗೇ ಗುರುತು ಹಾಕಿದೆ. ಆದರೆ ತಮ್ಮ ಉಗ್ರಾಣದಲ್ಲಿದ್ದ ಒಂದೇ ಒಂದು ಪಟ್ಟಿ ಕುದುರೆಯ ಅಳತೆಯದು. ನಾನೇ ಹೊಲಿಯುತ್ತೇನೆಂದರೆ, ಹೊರಗಿನ ಪಟ್ಟಿಗೆ ಸಮಿತಿಯ ಅನುಮತಿ ಬೇಕು, ಸಮಿತಿ ಸೇರುವುದು ತಿಂಗಳ ಕೊನೆಯ ಗುರುವಾರ ಎಂದಿರಿ! ಅಲ್ಲಿಯವರೆಗೆ ಹಸಿವನ್ನು ಮಡಿಸಿಡತಕ್ಕದ್ದೆಂದು ತಾವೇ ಮರಿಗೊಂದು ಸುತ್ತೋಲೆ ಹೊರಡಿಸಬಹುದಿತ್ತು. ಬಾಯಿ ಮುಚ್ಚಲಾಗದೆ ಜೊಲ್ಲು ಸುರಿಸುತ್ತಾ, ತುಂಬಿದ ಬಟ್ಟಲಿನ ಮುಂದೆ ಕೂತು ಅದು ನನ್ನ ಮುಖವನ್ನೇ ನೋಡುತ್ತಿತ್ತು. ನನಗೆ ಅಳು ಬಂತು, ಆಮೇಲೆ ಸಿಟ್ಟು ಬಂತು.

ಅಂದೇ ಅಳತೆ ಟೇಪು ಹಿಡಿದು ಪಟ್ಟಿ ಹೊಲಿದೆ. ಆ ಅಣ್ಣ ಕೆಲಸ ಮುಗಿಸಿ ಹೋಗುವಾಗ ಅಂಗಡಿಗೆ ಬಂದು ಕಟ್ಟಿಕೊಟ್ಟರು. ತಮ್ಮಲ್ಲಿ ಗಾಯ ಕಟ್ಟುವವರು ಆರು ಮಂದಿ. ಅವರಲ್ಲಿ ಯಾರು ಎಂಬ ಆಯ್ಕೆ ತಮ್ಮದು. ನಾಲ್ಕು ವಾರ ನೀರಾಗಿ ಕಲಸಿದ್ದನ್ನೇ ನೆಕ್ಕಿ ಗುಂಡಿ ಬದುಕಿತು, ದವಡೆ ಕೂಡಿತು.

ನಿನ್ನೆ ಸಮಿತಿಯ ಪತ್ರ ಬಂತು: ಹೊರಗಿನ ಪಟ್ಟಿಗೆ ಅನುಮತಿಯಿದೆ, ಮರಿಯನ್ನು ಮುರಿದ ದವಡೆಯ ಸಮೇತ ಹಾಜರುಪಡಿಸತಕ್ಕದ್ದು. ಅನುಮತಿಗೆ ಮೊದಲೇ ಕೂಡಿಕೊಂಡ ಮೂಳೆಯ ಮೇಲೆ ಶಿಸ್ತು ಕ್ರಮ ಜರುಗಿಸಬೇಕೆಂದು ಕೈಮುಗಿದು ಕೋರುತ್ತೇನೆ. ಸಾಕ್ಷ್ಯಕ್ಕೆ ಆ ಪತ್ರವನ್ನೇ ಲಗತ್ತಿಸಿದ್ದೇನೆ. ತಮ್ಮ ಸಹಿಯಿದ್ದ ಮೂಲೆಯನ್ನು ಗುಂಡಿ ಚೆನ್ನಾಗಿ ಅಗಿದಿದೆ.

ಇಂತು, ಆಯ್ಕೆಯಿಲ್ಲದೆ
ತಮ್ಮ ವಿಶ್ವಾಸಿ,
ಹಿಂದಿನ ಬೀದಿಯ ಟೈಲರಮ್ಮ

ಮರೆತ ಮಾತು: ತಮ್ಮ ಹೊಸ ಕೋಟು ಸಿದ್ಧವಾಗಿದೆ, ಕಾಲರ್ ಮಾತ್ರ ಇಲ್ಲ. ಅದಕ್ಕೆಂದು ಎತ್ತಿಟ್ಟ ಬಟ್ಟೆ ನಾಲ್ಕು ವಾರ ಗುಂಡಿಯ ಮೂತಿಯ ಮೇಲಿತ್ತು. ತಮ್ಮ ಕುತ್ತಿಗೆಗಿಂತ ಅಲ್ಲಿಯೇ ಹೆಚ್ಚು ಕೆಲಸಕ್ಕೆ ಬಂತು.