ಲೊಕುಬಂಡಾನ ಕಾರಿಗೆ ಎಣ್ಣೆಶಾಸ್ತ್ರ

ಸಿಂಹಳ ದೇಶದ ಗಂಪೊಳ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಲೊಕುಬಂಡಾನಿಗೆ ಹೆಂಡತಿಯ ಮೇಲೆ ಎಷ್ಟು ಪ್ರೀತಿಯೋ ತನ್ನ ಹಳೆಯ ಮೋರಿಸ್ ಮೈನರ್ ಕಾರಿನ ಮೇಲೂ ಅಷ್ಟೇ ಪ್ರೀತಿ. ತಕ್ಕಡಿ ಹಿಡಿದರೆ ಯಾವ ಕಡೆ ವಾಲುತ್ತದೆ ಎಂದು ಹೆಂಡತಿ ಸುದುಮೆನಿಕೆ ಆಗಾಗ ಕೇಳುವುದುಂಟು. ಅವನು ಜಾಣ, ಉತ್ತರ ಕೊಡುವುದಿಲ್ಲ. (ಬಂಡಾ ಎನ್ನುವುದು ಆ ಸೀಮೆಯ ಗಂಡಸರ ಗೌರವದ ಹೆಸರು. ಕನ್ನಡದವರು ಅದರ ಬಕಾರದ ಹೊಟ್ಟೆ ಸೀಳಿ ಓದಬಾರದು. ಓದಿದರೂ ಇವನ ಮಟ್ಟಿಗೆ ದೊಡ್ಡ ಅನ್ಯಾಯವೇನೂ ಆಗುವುದಿಲ್ಲ.)

ಇಂಥ ಕಾರಿಗೆ ಒಂದು ಕಾಯಿಲೆ ಬಂತು. ಬ್ರೇಕಿನ ಮೇಲೆ ಕಾಲಿಟ್ಟರೆ ಸಾಕು, ಕಿಂಯ್ಯೋ ಎಂದು ಕಿರುಚಿಕೊಳ್ಳತೊಡಗಿತು. ಅದು ಸಣ್ಣಪುಟ್ಟ ಕಿರುಚಲ್ಲ. ಬೀದಿನಾಯಿಗಳು ಎದ್ದು ಉತ್ತರ ಕೊಡುತ್ತಿದ್ದವು, ವಿಹಾರದಲ್ಲಿ ಧ್ಯಾನಕ್ಕೆ ಕೂತವರು ಕಣ್ಣು ಬಿಡುತ್ತಿದ್ದರು. ಲೊಕುಬಂಡಾ ತಾನೇ ವೈದ್ಯನಾಗಿ ರೋಗದ ಮೂಲ ಹುಡುಕಿದ. ಅದು ಸಿಕ್ಕಿದ್ದು ಸುದುಮೆನಿಕೆಯ ತಾಯಿ, ಪುಸ್ಸೆಲ್ಲಾವ ಎಂಬ ಬೆಟ್ಟದೂರಿನ ಅತ್ತೆಯ ಬಾಯಲ್ಲಿ. ಹಿಂದಿನ ತಿಂಗಳು ಆಕೆ ಕಾರಿನ ಬೆನ್ನು ಸವರಿ, ಎಷ್ಟು ಚೆಂದ ಓಡುತ್ತೆ, ಸದ್ದೇ ಇಲ್ಲವಲ್ಲ ಎಂದು ಹೊಗಳಿದ್ದಳು. ಇಂಥ ಹೊಗಳಿಕೆಗೆ ಅವನ ಭಾಷೆಯಲ್ಲಿ ‘ಕಟವಹ’ ಎನ್ನುತ್ತಾರೆ, ಬಾಯಿವಿಷ ಎಂದು. ಕಣ್ಣಿನ ದೃಷ್ಟಿಗಿಂತ ಇದು ಒಂದು ಕೈ ಮೇಲು. ಅವನು ಕಾರಿನ ಮೂತಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ. ಮೆಣಸಿನಕಾಯಿ ಒಣಗಿತು, ಕಿರುಚು ಮಾತ್ರ ಹಸಿಯಾಗಿಯೇ ಉಳಿಯಿತು.

ಆಮೇಲೆ ಗ್ಯಾರೇಜಿನ ಪಿಯತಿಸ್ಸನನ್ನು ಕೇಳಿದ. ಸಿಂಹಳ ಹೊಸ ವರ್ಷ ಹತ್ತಿರವಾಗಿತ್ತು, ಪಿಯತಿಸ್ಸ ಊರಿಗೆ ಹೊರಟು ಬಸ್ಸಿನ ಮೆಟ್ಟಿಲ ಮೇಲೆ ನಿಂತಿದ್ದ. ಚಕ್ರದೊಳಗಿನ ಬ್ರೇಕ್ ಪಟ್ಟಿಗಳು ಧೂಳು ಕುಡಿದು ಗಾಜಿನ ಹಾಗೆ ನುಣುಪಾಗಿವೆ, ಬಿಚ್ಚಿ ಚೆನ್ನಾಗಿ ತಿಕ್ಕಿದರೆ ಸರಿಹೋಗುತ್ತೆ, ಹಬ್ಬ ಮುಗಿಸಿ ಬಂದು ನಾನೇ ಮಾಡ್ತೀನಿ ಎಂದ. ಯಾವುದರಿಂದ ತಿಕ್ಕಬೇಕು ಎಂದು ಇವನು ಕೇಳಲಿಲ್ಲ. ಅವನು ಹೇಳುವಷ್ಟರಲ್ಲಿ ಬಸ್ಸು ಹೊರಟಿತ್ತು.

ಅದೇ ವಾರ ಸುದುಮೆನಿಕೆಯ ಚಿಕ್ಕಪ್ಪನ ಮಗಳ ಮದುವೆ. ಮದುಮಗಳು ಶುಭಗಳಿಗೆಗೆ ಸರಿಯಾಗಿ ಬಲಗಾಲಿಟ್ಟು ಮಂಟಪದ ಪೀಠ ಹತ್ತಬೇಕು. ಆ ಗಳಿಗೆಗೇ ಲೊಕುಬಂಡಾನ ಸವಾರಿ ಬಾಗಿಲಿಗೆ ಚಿತ್ತೈಸಿತು. ಕಾರು ಕಿರುಚಿದ್ದಕ್ಕೆ ಮದುಮಗಳು ಬೆಚ್ಚಿಬಿದ್ದು ಎಡಗಾಲು ಇಟ್ಟುಬಿಟ್ಟಳು. ನೆಂಟರೆಲ್ಲ ತಿರುಗಿ ನೋಡಿದ್ದು ಮದುಮಗಳನ್ನಲ್ಲ, ಸುದುಮೆನಿಕೆಯನ್ನು.

ಹಿಂದಿರುಗಿ ಬಂದು ಅವಳು ಮನೆಯ ಅಂಗಳದಲ್ಲಿ ಇಳಿದ ಮೇಲೆ, “ಮೊದಲು ಇದರ ಬಾಯಿ ಮುಚ್ಚಿಸಿ. ಆಮೇಲೆ ಇದರಲ್ಲೇ ನನ್ನ ಕರಕೊಂಡು ಹೋಗೋಕೆ ಬನ್ನಿ. ಅಲ್ಲೀವರೆಗೂ ನಾನು ಅಮ್ಮನ ಮನೇಲಿರ್ತೀನಿ” ಎಂದಳು.

ಇಂಥ ಹೊತ್ತಿನಲ್ಲಿ ಬುದ್ಧಿಯಿರುವ ಗಂಡಸು ಬೂದುಗುಂಬಳದ ಹಾಗೆ ಸುಮ್ಮನಿರುತ್ತಾನೆ. ಲೊಕುಬಂಡಾ, “ಈ ಮನೇಲಿ ಕೂಗೋದು ಅದೊಂದೇ ಅಲ್ಲವಲ್ಲ” ಎಂದ. ಸುದುಮೆನಿಕೆ ಚೀಲಕ್ಕೆ ನಾಲ್ಕು ಬಟ್ಟೆ ತುಂಬಿಕೊಂಡು ಬಸ್ಸು ಹತ್ತಿದಳು.

ಮೊದಲ ದಿನ ಅವನಿಗೆ ಆರಾಮ ಎನ್ನಿಸಿತು. ಎರಡನೆಯ ದಿನ ಬನಿಯನ್ನು ಎಲ್ಲಿದೆ ಎಂದು ಗೋಡೆಯನ್ನು ಕೇಳಿದ. ಹೊಸ ವರ್ಷದ ದಿನ ಊರೆಲ್ಲ ಒಂದೇ ಗಳಿಗೆಗೆ ಒಲೆ ಹಚ್ಚಿತು, ಪಟಾಕಿ ಹೊಡೆಯಿತು. ಅವನೂ ಪಂಚಾಂಗ ಹೇಳಿದ ದಿಕ್ಕಿಗೆ ಮುಖ ಮಾಡಿ, ಪಂಚಾಂಗ ಹೇಳಿದ ಬಣ್ಣದ ಅಂಗಿ ತೊಟ್ಟು, ಹಾಲನ್ನಕ್ಕೆ ತಾನೇ ಮಡಕೆ ಇಟ್ಟ. ಹಾಲು ಉಕ್ಕಿತು. ಯಾವ ಕಡೆಗೆ ಉಕ್ಕಿತು, ವರ್ಷ ಹೇಗಿದೆ ಎಂದು ಹೇಳುವವಳು ಇರಲಿಲ್ಲ. ಮೊದಲ ತುತ್ತು ಅವಳು ಅವನ ಬಾಯಿಗೆ, ಅವನು ಅವಳ ಬಾಯಿಗೆ ಇಡುವುದು ರೂಢಿ. ಅವನು ತುತ್ತು ಹಿಡಿದು ಬಹಳ ಹೊತ್ತು ಕೂತಿದ್ದ. ಹಿತ್ತಲ ಹಲಸಿನ ಮರದಲ್ಲಿ ಕೋಗಿಲೆಯೊಂದು ಒಂದೇ ಸಮನೆ ಜೊತೆಯನ್ನು ಕರೆಯುತ್ತಿತ್ತು. ಅದಕ್ಕೆ ಕಲ್ಲು ಬೀರಿ ಒಳಗೆ ಬಂದ. ಹೆಂಡತಿ ಬೇಕು ಎಂದು ಅವನಿಗೆ ಇಷ್ಟು ಜೋರಾಗಿ ಅನ್ನಿಸಿದ್ದು ಮದುವೆಗೆ ಮುಂಚೆಯೂ ಇಲ್ಲ.

ಹೋಗಿ ಕರೆಯೋಣವೆಂದರೆ ಕಾರಿನ ಬಾಯಿ ಮುಚ್ಚಿರಲಿಲ್ಲ. ಬಸ್ಸಿನಲ್ಲಿ ಹೋಗೋಣವೆಂದರೆ, ಸೋತು ಬಂದ ಎಂದು ಅತ್ತೆ ನಗುತ್ತಾಳೆ. ಹೀಗಾಗಿ ದಿನಾ ಸಂಜೆ ಕಾರು ತೆಗೆದುಕೊಂಡು ಪುಸ್ಸೆಲ್ಲಾವದ ಘಾಟಿ ಹತ್ತುತ್ತಿದ್ದ. ಅತ್ತೆಯ ಮನೆ ದೊಡ್ಡ ರಸ್ತೆಯ ತಿರುವಿನ ಕೆಳಗೆ, ಇಳಿಜಾರಿನಲ್ಲಿ. ತಿರುವಿನಲ್ಲಿ ಬ್ರೇಕ್ ಒತ್ತಿ, ಕಿಂಯ್ಯೋ ಎನ್ನಿಸಿಕೊಂಡು, ಒಂದು ಗಳಿಗೆ ನಿಂತು ಕೆಳಗಿನ ಕಿಟಕಿ ನೋಡುತ್ತಿದ್ದ. (ಕೇಳಿದವರಿಗೆ ಟೀ ಪುಡಿ ತರಲು ಹೊರಟಿದ್ದೇನೆ ಎನ್ನುತ್ತಿದ್ದ. ಮನೆಯಲ್ಲಿ ಆಗಲೇ ಟೀ ಪುಡಿಯ ಗುಡ್ಡವೇ ಆಗಿತ್ತು.) ಕಿಟಕಿಯಲ್ಲಿ ಯಾರೂ ಕಾಣುತ್ತಿರಲಿಲ್ಲ. ಇನ್ನೊಂದು ಪೊಟ್ಟಣ ಟೀ ಪುಡಿ ಕೊಂಡು ಮನೆಗೆ ಮರಳುತ್ತಿದ್ದ.

ಹೊಸ ವರ್ಷದ ಎಣ್ಣೆ ತಿಕ್ಕುವ ಶಾಸ್ತ್ರದ ದಿನ ಬಂತು. ವಿಹಾರದ ಹಿರಿಯ ಭಿಕ್ಷುಗಳು ತಲೆಯ ಮೇಲೊಂದು ಸೊಪ್ಪು, ಕಾಲ ಕೆಳಗೊಂದು ಸೊಪ್ಪು ಇಡಿಸಿ, ಔಷಧದ ಎಣ್ಣೆಯನ್ನು ಅವನ ನೆತ್ತಿಗೆ ತಿಕ್ಕಿ, ರೋಗರುಜಿನ ಹೋಗಲಿ, ಆಯುಷ್ಯ ಬೆಳೆಯಲಿ ಎಂದು ಹರಸಿದರು. ಎಣ್ಣೆ ನೆತ್ತಿಗಿಳಿದ ಕೂಡಲೇ ಲೊಕುಬಂಡಾನಿಗೆ ಜ್ಞಾನೋದಯವಾಯಿತು. ತಿಕ್ಕಿದರೆ ಸರಿಹೋಗುತ್ತೆ ಎಂದಿದ್ದನಲ್ಲ ಪಿಯತಿಸ್ಸ. ಬಾಗಿಲ ತಿರುಗಣಿ ಕಿರುಗುಟ್ಟಿದರೆ ಎಣ್ಣೆ, ಬಾವಿಯ ರಾಟೆ ಕೂಗಿದರೆ ಎಣ್ಣೆ, ಅತ್ತೆಯ ಮಂಡಿ ಕಟಕಟ ಎಂದರೂ ಎಣ್ಣೆಯೇ. ಹೋಗಲಿ ಎಂದು ಹರಸಿದ್ದು ರೋಗವನ್ನು. ಕಾರಿಗಿಂತ ದೊಡ್ಡ ರೋಗಿ ಊರಲ್ಲಿ ಯಾರಿದ್ದಾರೆ?

ಉಳಿದ ಎಣ್ಣೆಯನ್ನು ಬಾಟಲಿಗೆ ಬಗ್ಗಿಸಿಕೊಂಡು ಬಂದ. ಕಾರನ್ನು ತಳ್ಳಿ ಶುಭದಿಕ್ಕಿಗೆ ಮುಖ ಮಾಡಿ ನಿಲ್ಲಿಸಿದ. ಮಾಡಿನ ಮೇಲೊಂದು ಸೊಪ್ಪು, ಚಕ್ರಗಳ ಕೆಳಗೊಂದೊಂದು ಸೊಪ್ಪು. ಜಾಕ್ ಕೊಟ್ಟು, ಚಕ್ರ ಬಿಚ್ಚಿ, ಒಳಗಿನ ಬ್ರೇಕಿನ ಡಬ್ಬಿ ತೆಗೆದು ನೋಡಿದರೆ ಪಟ್ಟಿಗಳು ನಿಜಕ್ಕೂ ಗಾಜಿನ ಹಾಗೆ ಮಿರಮಿರ ಮಿಂಚುತ್ತಿದ್ದವು. ಪಾಪ, ಎಷ್ಟು ಒಣಗಿಹೋಗಿವೆ ಎಂದು ಮರುಗಿ, ಕೈತುಂಬ ಎಣ್ಣೆ ಸುರಿದುಕೊಂಡು ತಿಕ್ಕಿದ. ಒಂದು ಚಕ್ರಕ್ಕೆ ಮಾಡಿ ಇನ್ನೊಂದಕ್ಕೆ ಬಿಟ್ಟರೆ ಅದಕ್ಕೆ ಬೇಸರವಾದೀತೆಂದು ನಾಲ್ಕಕ್ಕೂ ಅಭ್ಯಂಜನವಾಯಿತು. ಅಂಗಳದಲ್ಲೇ ಕಾರನ್ನು ಆಮೆಯ ವೇಗದಲ್ಲಿ ಎರಡು ಮಾರು ಓಡಿಸಿ ಬ್ರೇಕ್ ಒತ್ತಿದ. ಪಿಟ್ಟೆನ್ನಲಿಲ್ಲ. ಅವನ ಕಣ್ಣಲ್ಲಿ ನೀರು ಬಂತು.

ಅವತ್ತೇ ಹೋಗಬೇಕೆಂದು ಪ್ರಾಣ ಎಳೆಯುತ್ತಿತ್ತು. ಆದರೆ ಹೊಸ ವರ್ಷದ ಕೆಲಸಕ್ಕೆ ಹೊರಡುವ ಶುಭಗಳಿಗೆ ಇನ್ನೂ ಎರಡು ದಿನ ಮುಂದಿತ್ತು. ಹೆಂಡತಿಯನ್ನು ಕರೆತರುವುದಕ್ಕಿಂತ ದೊಡ್ಡ ಕೆಲಸ ಯಾವುದು? ಈ ಸಲ ಯಾವ ಗಳಿಗೆಯೂ ಕೆಡಬಾರದು ಎಂದು ಹಟ ಹಿಡಿದು, ಕಾರನ್ನು ಗೇಟಿನಿಂದ ಆಚೆ ಬಿಡದೆ ಮನೆಯಲ್ಲೇ ಕೂತ. ಆ ಎರಡು ಸಂಜೆ ತಿರುವಿಗೂ ಹೋಗಲಿಲ್ಲ.

ಶುಭಗಳಿಗೆಗೆ ಸರಿಯಾಗಿ ಹಸಿರು ಅಂಗಿ ತೊಟ್ಟು ಹೊರಟ. ದಾರಿಯೆಲ್ಲ ಏರು, ಬ್ರೇಕಿನ ಕೆಲಸವೇ ಬೀಳಲಿಲ್ಲ. ಘಾಟಿಯ ನಡುವೆ ಗಂಪೊಳದ ಕಡೆಗೆ ಇಳಿಯುತ್ತಿದ್ದ ಬಸ್ಸಿಗೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ, ಚಾಲಕನಿಗೆ ಕೈಯೂ ಬೀಸಿದ. ಬಾಗಿಲಿಗೆ ಬಂದಾಗ ಅವಳ ಮುಖ ಹೇಗಾಗುತ್ತದೆ, ತಾನು ಏನೂ ಆಗದವನ ಹಾಗೆ ಹೇಗೆ ಇಳಿಯಬೇಕು ಎಂದು ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡ. ತಿರುವಿನಲ್ಲಿ ಕಾರನ್ನು ಇಳಿಜಾರಿಗೆ ಹೊರಳಿಸಿ ಬ್ರೇಕ್ ಒತ್ತಿದ. ಸದ್ದಿಲ್ಲ. ಸೊಗಸು. ಇನ್ನೊಮ್ಮೆ ಒತ್ತಿದ. ಸದ್ದೂ ಇಲ್ಲ, ನಿಲ್ಲುವುದೂ ಇಲ್ಲ. ಕೈಬ್ರೇಕ್ ಎಳೆದ, ಅದಕ್ಕೂ ಎಣ್ಣೆಸ್ನಾನದ ಮಂಪರು. ಕಾರು ದಾಸವಾಳದ ಬೇಲಿಯನ್ನು ಹಾರೈಸಿ, ಬಾಳೆಗಿಡದ ಕುಶಲ ವಿಚಾರಿಸಿ, ಅಂಗಳದ ಹುಲ್ಲಿನ ಮೆದೆಯೊಳಕ್ಕೆ ಮೂತಿ ತೂರಿಸಿ ಮಲಗಿತು.

ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದ ಅತ್ತೆ ತಿರುಗಿ ನೋಡಿದಾಗ ಮಗ್ಗುಲಲ್ಲೇ ಕಾರು. “ಹೀಗೆ ಕಳ್ಳನ ಹಾಗೆ ಬರೋದಾ ಪುತಾ” ಎಂದಳು. (ಪುತಾ ಎಂದರೆ ಮಗನೇ ಎಂದು.)

ಲೊಕುಬಂಡಾ ಹುಲ್ಲು ಕೊಡವಿಕೊಂಡು ಇಳಿದು, ಅವಳೆಲ್ಲಿ ಎಂದು ಕೇಳಿದ.

“ಆಗಲೇ ಬಸ್ಸು ಹತ್ತಿದಳು, ನಿನ್ನ ಮನೆಗೆ. ನಿನ್ನ ಕಾರು ಕೂಗಿ ಎರಡು ದಿನ ಆಯ್ತಂತೆ, ನಿನಗೇನೋ ಆಗಿದೆಯಂತೆ. ರಾತ್ರಿ ಊಟಾನೂ ಮಾಡಲಿಲ್ಲ.”

“ನನ್ನ ಕಾರಿನ ಕೂಗು ಅವಳಿಗೆ ಕೇಳಿಸ್ತಿತ್ತಾ ಅತ್ತೆ?”

“ಈ ಬೆಟ್ಟಕ್ಕೆಲ್ಲ ಕೇಳಿಸ್ತಿತ್ತು. ದಿನಾ ಸಂಜೆ ಟೀ ಲೋಟ ಮುಂದಿಟ್ಕೊಂಡು ಕಿಟಕಿ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಿರೋಳು. ನೀನು ತಿರುವಿನಲ್ಲಿ ಕೂಗಿಸಿದ ಮೇಲೇನೇ ಕುಡಿಯೋಳು. ಎಷ್ಟೋ ಸಲ ತಣ್ಣಗಾಗಿರ್ತಿತ್ತು.”

ಲೊಕುಬಂಡಾ ಹುಲ್ಲಿನ ಮೇಲೆ ಕುಸಿದು ಕೂತ. ಇಷ್ಟು ದಿನ ಅವಳು ಕಿಟಕಿಗೆ ಬರಲಿಲ್ಲವೆಂದು ಇವನು ಕೊರಗಿದ್ದೇ ಬಂತು. ಅವಳು ಆ ಕಿರುಚಿಗೇ ಕಾದಿದ್ದಳು, ಇವನು ಅದಕ್ಕೇ ಎಣ್ಣೆ ಬಿಟ್ಟಿದ್ದ. ಸಂತೋಷದಿಂದ ಎದೆ ತುಂಬಿ ಬಂತು, ಹಿಂದೆಯೇ ತನ್ನ ತಲೆಗೆ ತಾನೇ ಎರಡು ಬಾರಿಸಿಕೊಳ್ಳಬೇಕೆನ್ನಿಸಿತು. ಅತ್ತೆ ತಟ್ಟೆ ತುಂಬ ಹಬ್ಬದ ಕಜ್ಜಾಯ ತಂದಿಟ್ಟಳು. ಅವನು ಮುಟ್ಟಲಿಲ್ಲ. ಮೇಲಿನ ತಿರುವಿಗೆ ಹತ್ತಿ ಹೋಗಿ ಬಸ್ಸು ನಿಲ್ಲುವ ಕಲ್ಲಿನ ಮೇಲೆ ಕೂತ.

ಹೊತ್ತು ಇಳಿಯುವಾಗ ಗಂಪೊಳದ ಕಡೆಯಿಂದ ಬಸ್ಸು ಬಂತು. ಮರಳಿ ಹೋಗುವುದು ಎಷ್ಟು ಹೊತ್ತಿಗೆ ಎಂದು ಕೇಳಲು ಅವನು ಎದ್ದು ನಿಂತರೆ ಅದೇ ಚೀಲ ಹಿಡಿದು ಸುದುಮೆನಿಕೆ ಇಳಿದಳು. ಅವಳು ಹೋದರೆ ಗಂಪೊಳದ ಮನೆಗೆ ಬೀಗ, ಅಂಗಳದಲ್ಲಿ ಕಾರಿಲ್ಲ, ಸಿಮೆಂಟಿನ ಮೇಲೆ ಎಣ್ಣೆಯ ಕಲೆ. ಏನೇನೋ ಯೋಚಿಸಿ, ಅತ್ತು, ಅವಳ ಕಣ್ಣು ಕೆಂಪಾಗಿತ್ತು.

“ಬದುಕಿದೀರಾ” ಎಂದಳು.

“ಇದೀನಿ.”

“ಮತ್ತೆ ಎರಡು ದಿನ ಎಲ್ಲಿ ಹೋಗಿದ್ರಿ?”

“ಕಾರಿನ ಬಾಯಿ ಮುಚ್ಚಿಸ್ತಿದ್ದೆ. ನೀನೇ ಹೇಳಿದ್ದೆಯಲ್ಲ.”

ಅವಳು ಕೆಳಗೆ ಬಗ್ಗಿ ನೋಡಿದಳು. ಬೇಲಿಯಲ್ಲೊಂದು ಕಾರಿನಗಲದ ಕಿಂಡಿ, ಮೆದೆಯಿಂದ ಹೊರಗೆ ಚಾಚಿದ ಮೋರಿಸ್‌ನ ಹಿಂಭಾಗ. “ಕೂಗೋದನ್ನ ನಿಲ್ಲಿಸಿ ಅಂದೆ. ನಿಲ್ಲೋದನ್ನೇ ನಿಲ್ಲಿಸಿ ಅಂದೆನಾ?” ಎಂದಳು. ಆಮೇಲೆ ನಗಲು ಹೋಗಿ ಅತ್ತಳು. ಅವನ ಕೂದಲಿಗೆ ಸಿಕ್ಕಿದ್ದ ಹುಲ್ಲುಕಡ್ಡಿಗಳನ್ನು ಒಂದೊಂದಾಗಿ ತೆಗೆಯುತ್ತ ರಸ್ತೆಯಲ್ಲೇ ಬಹಳ ಹೊತ್ತು ನಿಂತಳು.

ಊರಿಂದ ಬಂದ ಪಿಯತಿಸ್ಸ ಹಣೆ ಚಚ್ಚಿಕೊಂಡು ಎಣ್ಣೆ ಕುಡಿದ ಪಟ್ಟಿಗಳನ್ನು ಕಿತ್ತೆಸೆದ, ಡಬ್ಬಿಗಳನ್ನು ಪೆಟ್ರೋಲಿನಲ್ಲಿ ತೊಳೆದ, ಹೊಸ ಪಟ್ಟಿ ಹಾಕಿ ಅಂಚುಗಳನ್ನು ಮರಳುಕಾಗದದಿಂದ ತಿಕ್ಕಿದ. ಬ್ರೇಕ್ ಈಗ ಹಿಡಿಯುತ್ತಿತ್ತು, ಕೂಗುತ್ತಿರಲಿಲ್ಲ. ಲೊಕುಬಂಡಾ ಅಂದು ಸಂಜೆ ಅಂಗಡಿ ಮುಚ್ಚಿ ಬಂದು, ಗೇಟಿನಲ್ಲಿ ಬೆಣ್ಣೆಯ ಹಾಗೆ ಕಾರು ನಿಲ್ಲಿಸಿ, ಹೆಮ್ಮೆಯಿಂದ ಒಳಗೆ ಹೋದ. ಒಲೆಯ ಮೇಲೆ ಟೀ ಇರಲಿಲ್ಲ.

“ನೀವು ಬಂದಿದ್ದು ನನಗೆ ಹೇಗೆ ಗೊತ್ತಾಗಬೇಕು?” ಎಂದಳು ಸುದುಮೆನಿಕೆ.

ನಾಳೆಯಿಂದ ಹಾರ್ನ್ ಹೊಡೆಯುತ್ತೇನೆ ಎಂದ. ಹಾರ್ನ್ ಊರಿಗೆಲ್ಲ ಒಂದೇ, ಕೂಗು ಯಾರದೆಂದು ಕಿವಿಗೆ ತಿಳಿಯಬೇಕು ಎಂದಳು. ಹಾಗಾದರೆ ಏನು ಮಾಡಲಿ ಎಂದ.

“ನಮ್ಮ ಮನೆ ಮುಂದಿನ ತಿರುವಿನಲ್ಲಿ ನನ್ನ ಹೆಸರು ಹಿಡಿದು ಕರೀರಿ.”

ಆ ಸೀಮೆಯ ಗಂಡಸರು ನಾಲ್ಕು ಜನರ ಎದುರು ಹೆಂಡತಿಯ ಹೆಸರು ಎತ್ತುವುದಿಲ್ಲ. ಮದುವೆಯಾದಾಗಿನಿಂದ ಅವನು ಅವಳನ್ನು ‘ಇಲ್ನೋಡು’ ಎಂದೇ ಕರೆದದ್ದು. ಮರುದಿನ ತಿರುವಿನಲ್ಲಿ ಕಾರು ನಿಧಾನಿಸಿ, ಅತ್ತಿತ್ತ ನೋಡಿ, ಕಿಟಕಿಯಿಂದ ತಲೆ ಹೊರಗೆ ಹಾಕಿದ. ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿಗೆ “ಸುದೂ” ಎಂದ. ದನಿ ಅರ್ಧದಲ್ಲಿ ಒಡೆದು ತೆಳ್ಳಗೆ, ಚೂಪಾಗಿ ಮೇಲಕ್ಕೆ ಹೋಯಿತು. ಬೀದಿನಾಯಿಗಳೆಲ್ಲ ಎದ್ದು ನಿಂತವು.

ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರ್ ಬೇಲಿಯ ಮೇಲಿಂದ ತಲೆಯೆತ್ತಿ, “ಏನು ಬಂಡಾ, ಬ್ರೇಕ್ ಇನ್ನೂ ರಿಪೇರಿ ಆಗ್ಲಿಲ್ವಾ?” ಎಂದು ಕೇಳಿದರು. ಒಳಗೆ ಸುದುಮೆನಿಕೆ ಒಲೆಯ ಮೇಲೆ ನೀರಿಟ್ಟಳು.